ಬೂತಾಯಿ ಕಡಲಲ್ಲೂ ಉಳೀಬೇಕು ಅಂದ್ರೆ ಧಕ್ಕೆಯಲ್ಲಿ (ಮೀನು ಇಳಿಸೋ ಬಂದರಲ್ಲಿ) ಏನೇನ್ ಮಾಡ್ಬೋದು

ಅಂಜಲ್ ಮೀನು ಸಿಗ್ತಿಲ್ಲ, ಸಿಕ್ಕಿದ್ರೂ ರೇಟ್ ಕೇಳಿದ್ರೆ ತಲೆ ತಿರುಗುತ್ತೆ ಅಂತ ಎಲ್ರೂ ಗೊಣಗ್ತಾರೆ, ಆದ್ರೆ ಆ ಅಂಜಲ್ ಕಡಲಲ್ಲಿ ಏನ್ ತಿಂದು ದಪ್ಪ ಆಗುತ್ತೆ ಅಂತ ಕೇಳೋರು ಕಮ್ಮಿ. ಅದು ತಿನ್ನೋದು ಬೂತಾಯಿ (ಸಾರ್ಡೀನ್), ಕೊಲ್ಲತರು (ಆ್ಯಂಚೋವಿ), ಬಂಗುಡೆ ಮರಿ ಇಂಥ ಸಣ್ಣ ಮೀನನ್ನೇ. ಕೇದರ್ (ಟ್ಯೂನಾ), ಪಾಂಬೋಲ್ ಥರದ ಮೀನು, ಶಾರ್ಕ್, ಡಾಲ್ಫಿನ್, ಕಡಲ ಹಕ್ಕಿಗಳು ಎಲ್ಲಾ ಅದೇ ಪಂಕ್ತಿಲಿ ಊಟಕ್ಕೆ ಕೂತಿರೋರು, ನಾವು ಕೊನೇಲಿ ಬಂದು ಬಡಿಸೋ ಪಾತ್ರೆನೇ ಎತ್ಕೊಂಡು ಹೋಗ್ತೀವಿ. ಬೂತಾಯಿಗೆ (ಉತ್ತರ ಕನ್ನಡದ ಕಡೆ ತಾರ್ಲೆ ಅಂತಾರಲ್ಲ, ಅದೇ) ಕಡಲಲ್ಲಿರೋ ಕೆಲ್ಸ ಏನಪ್ಪಾ ಅಂದ್ರೆ ಮಳೆಗಾಲದಲ್ಲಿ ಕೆಳಗಿನ ತಣ್ಣೀರು ಮೇಲೆ ಬಂದಾಗ ಬೆಳೆಯೋ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿನ ತಿಂದು ಅದನ್ನ ದೊಡ್ಡ ಮೀನಿನ ಬಾಯಿಗೆ ಮುಟ್ಸೋದು. ಆ ಕೊಂಡಿ ಕಳಚಿದ್ರೆ ಮೇಲಿನವರು ಉಪವಾಸ.

ಹಾಗಾಗಿ ಮೀನುಗಾರರ ಸಂಘದವ್ರು, ಬೋಟಿನವ್ರು, ಮೀನುಗಾರಿಕೆ ಓದ್ತಿರೋ ಹುಡುಗ್ರು ಯಾರೇ ಇರ್ಲಿ, ಲೆಕ್ಕನ ತಿರುಗಿಸಿ ಹಾಕೋದು ಮೊದ್ಲು ಕಲೀಬೇಕು. ಈಗ ನಾವು ಎಷ್ಟು ಹಿಡಿದ್ವಿ ಅಂತ ಕೇಳ್ತೀವಿ, ಉಳಿದಿದ್ದು ಉಳೀಲಿ ಅಂತ ಬಿಡ್ತೀವಿ. ಕೇಳ್ಬೇಕಾಗಿರೋದು ಕಡಲಲ್ಲಿ ಎಷ್ಟು ಬಿಡ್ಬೇಕು ಅಂತ, ಹಿಡಿಯೋದು ಅದ್ರ ಮೇಲಿಂದು.

ಇಲ್ಲೊಂದು ಮೋಸ ಇದೆ, ಇದನ್ನ ಅರ್ಥ ಮಾಡ್ಕೊಳ್ದೆ ಮುಂದೆ ಹೋದ್ರೆ ಏನ್ ಮಾಡಿದ್ರೂ ವೇಸ್ಟ್. ಬೇರೆ ಮೀನು ಕಮ್ಮಿ ಆದ್ರೆ ಬಲೆಗೆ ಬೀಳೋದೂ ಕಮ್ಮಿ ಆಗುತ್ತೆ, ನಮಗೆ ಗೊತ್ತಾಗುತ್ತೆ. ಬೂತಾಯಿ ಹಾಗಲ್ಲ, ಹಿಂಡು ಕಟ್ಟೋ ಜಾತಿ, ಕಡಲಲ್ಲಿ ಅರ್ಧಕ್ಕರ್ಧ ಖಾಲಿ ಆದ್ರೂ ಉಳಿದಿದ್ದು ಒಂದೇ ಕಡೆ ಒತ್ತೊತ್ತಾಗಿ ಸೇರ್ಕೊಳುತ್ತೆ, ಈಗಂತೂ ನೀರೊಳಗಿನ ಮೀನು ತೋರಿಸೋ ಸೋನಾರ್, ಫಿಶ್ ಫೈಂಡರ್ ಎಲ್ಲಾ ಇದೆ, ಹಿಂಡಿನ ಸುತ್ತ ಬಲೆ ಹಾಕೋ ಪರ್ಸೀನ್ ಬೋಟು ನೆಟ್ಟಗೆ ಅಲ್ಲಿಗೇ ಹೋಗಿ ಸುತ್ತು ಹಾಕುತ್ತೆ, ಬಲೆ ತುಂಬುತ್ತೆ, ಈ ವರ್ಷ ಭರ್ಜರಿ ಅಂತ ಎಲ್ರೂ ಖುಷಿ ಪಡ್ತಾರೆ. ಕೊನೇ ಹಿಂಡು ಸಿಗೋವರೆಗೂ ಬಲೆ ಹಾಗೇ ತುಂಬ್ತಾ ಇರುತ್ತೆ. ಪೆರು ದೇಶದಲ್ಲಿ ಆಗಿದ್ದು ಸುಮಾರಾಗಿ ಇದೇ, 1970ರಲ್ಲಿ ಅವ್ರು ಒಂದೇ ಜಾತಿ ಕೊಲ್ಲತರುನ 1.2 ಕೋಟಿ ಟನ್‌ಗಿಂತ ಜಾಸ್ತಿ ಹಿಡಿದಿದ್ರು, ಎಲ್ ನಿನ್ಯೋ (ಅಲ್ಲಿನ ಕಡಲ ನೀರು ಬಿಸಿಯಾಗೋದು) ಬಂದು ಹೊಡೀತು, 1973ಕ್ಕೆ 20 ಲಕ್ಷ ಟನ್ ಕೂಡ ಆಗ್ಲಿಲ್ಲ. ನಮ್ಮ ಪಕ್ಕದ ಕೇರಳದಲ್ಲೇ ನೋಡಿ, 2012ರಲ್ಲಿ ಬೂತಾಯಿ ಹತ್ರತ್ರ 4 ಲಕ್ಷ ಟನ್, 2021ರಲ್ಲಿ ಬರೀ 3,300 ಟನ್ ಆಸುಪಾಸು. ಹವಾಮಾನದ ಪಾಲೂ ಇದೆ, ಹಿಡಿದು ಬಾಚಿದ್ರ ಪಾಲೂ ಇದೆ. ಬಿಸಿಯಾಗೋ ನೀರನ್ನ ನಾವು ತಡೆಯೋಕಾಗಲ್ಲ, ಬಲೆನ ತಡೀಬೋದು, ಅದೂ ಕೆಟ್ಟ ವರ್ಷದಲ್ಲೇ ಜಾಸ್ತಿ ತಡೀಬೇಕು.

ಹಾಗಾದ್ರೆ ಬಲೆಗೆ ಬಿದ್ದ ಮೀನಿನ ತೂಕ ಬಿಟ್ಟು ಏನ್ ನೋಡ್ಬೇಕು? ಮೀನಿನ ಉದ್ದ. ಒಂದು ಸ್ಕೇಲ್ ಸಾಕು, ಮರದ ಹಲಗೆಗೆ ಅಂಟಿಸ್ಕೊಳ್ಳಿ. ಬೆಳಗ್ಗೆ ಧಕ್ಕೆಗೆ ಬಂದ ಬೋಟಿನಿಂದ ಮೀನು ಇಳಿಸೋವಾಗ್ಲೇ ಬೇರೆ ಬೇರೆ ಬುಟ್ಟಿಯಿಂದ ಕಣ್ಣು ಮುಚ್ಕೊಂಡು ಒಂದೊಂದ್ ಹಿಡಿ ಎತ್ಕೊಳ್ಳಿ, ಒಟ್ಟು ನೂರು ಮೀನು ಆದ್ರೆ ಚೆನ್ನಾಗಿರುತ್ತೆ. ವಿಂಗಡಣೆ ಆದ ರಾಶಿಯಿಂದ ಮಾತ್ರ ತಗೋಬೇಡಿ, ಆಗ್ಲೇ ದೊಡ್ಡದು ಒಂದ್ಕಡೆ ಚಿಕ್ಕದು ಒಂದ್ಕಡೆ ಹೋಗಿರುತ್ತೆ, ನಿಮ್ಮ ಲೆಕ್ಕ ಸುಳ್ಳಾಗುತ್ತೆ. ಮೂತಿಯ ತುದಿಯಿಂದ ಬಾಲದ ತುದಿವರೆಗೆ ಅಳೀರಿ. ತಾರೀಕು, ಯಾವ ಥರದ ಬೋಟು, ಎಷ್ಟು ಮಾರು ಆಳದಲ್ಲಿ ಹಿಡಿದಿದ್ದು ಅಂತ ಬರ್ಕೊಳ್ಳಿ. ಐದಾರು ಮೀನಿನ ಹೊಟ್ಟೆ ಸೀಳಿ ಮೊಟ್ಟೆ ಇದ್ಯಾ ನೋಡಿದ್ರೆ ಇನ್ನೂ ಒಳ್ಳೇದು. ಒಂದು ನೋಟ್‌ಬುಕ್ ಸಾಕು, ಆ್ಯಪ್ ಎಲ್ಲಾ ಆಮೇಲೆ.

ಅಳೆದ ಮೇಲೆ ಎರಡು ಗೆರೆ ನೆನಪಿಟ್ಕೊಳ್ಳಿ. ಕೇರಳದ ಕಾನೂನಿನಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14, ಅದಕ್ಕಿಂತ ಸಣ್ಣದು ಹಿಡಿಯೋ ಹಾಗಿಲ್ಲ. ಆದ್ರೆ ಬೂತಾಯಿ ಮೊದಲ ಸಲ ಮೊಟ್ಟೆ ಇಡೋಕೆ ತಯಾರಾಗೋದು ಹೆಚ್ಚು ಕಮ್ಮಿ 15 ಸೆಂಟಿಮೀಟರ್ ಆದ್ಮೇಲೆ. ಅಂದ್ರೆ 12 ಸೆಂಟಿಮೀಟರ್ ಮೀನು ಕಾನೂನಿಗೆ ಓಕೆ, ಕಡಲಿಗೆ ಓಕೆ ಅಲ್ಲ. ನನ್ ಪ್ರಕಾರ 10ನ್ನ ದಂಡ ಹಾಕೋ ಗೆರೆ ಅಂತ ಇಟ್ಕೊಂಡು 15ನ್ನ ನಮ್ಮೊಳಗಿನ ಗೆರೆ ಅಂತ ಇಟ್ಕೋಬೇಕು. ಬೂತಾಯಿ ಆಯಸ್ಸೇ ಎರಡೂವರೆ ವರ್ಷದ ಆಸುಪಾಸು, ಒಂದು ವರ್ಷ ಹುಟ್ಟಿದ ಮರಿನೆಲ್ಲಾ ಬಾಚಿದ್ರೆ ಮುಂದಿನ ವರ್ಷನೇ ಹೊಡೆತ ಗೊತ್ತಾಗುತ್ತೆ. ಸಂತೋಷದ ವಿಷ್ಯ ಏನಂದ್ರೆ ಬಿಟ್ರೆ ಚೇತರಿಸ್ಕೊಳ್ಳೋದೂ ಅಷ್ಟೇ ಬೇಗ, ನೀರು ಸರಿ ಇದ್ರೆ.

ಮರಿ ಜಾಸ್ತಿ ಕಂಡ್ರೆ ಏನ್ ಮಾಡೋದು? ಪೆರುದಲ್ಲಿ ಈಗ 12 ಸೆಂಟಿಮೀಟರ್‌ಗಿಂತ ಸಣ್ಣದು ನೂರಕ್ಕೆ ಹತ್ತು ದಾಟಿದ್ರೆ ಆ ಜಾಗನ ಕೆಲವು ದಿನ ಬಂದ್ ಮಾಡ್ತಾರೆ, ಇಡೀ ಕಡಲನ್ನಲ್ಲ, ಆ ಜಾಗ ಮಾತ್ರ. ಇದನ್ನ ನಮ್ಮಲ್ಲಿ ಸಂಘದ ಮಟ್ಟದಲ್ಲೇ ಮಾಡ್ಬೋದು, ಸರ್ಕಾರದ ಆರ್ಡರ್‌ಗೆ ಕಾಯ್ಬೇಕಾಗಿಲ್ಲ. ಇಂಥಾ ಕಡೆ ಬರೀ ಮರಿ ಅಂತ ವೈರ್‌ಲೆಸ್‌ನಲ್ಲೋ ವಾಟ್ಸಾಪ್‌ನಲ್ಲೋ ಹಾಕಿ, ಒಂದು ವಾರ ಯಾರೂ ಹೋಗೋದು ಬೇಡ ಅಂತ ಒಪ್ಪಂದ. ಒಬ್ಬ ಮುರಿದ್ರೆ ಎಲ್ಲರೂ ಮುರೀತಾರೆ ಅನ್ನೋದು ನಿಜ, ಅದಕ್ಕೆ ಮುರಿದವನಿಗೆ ಹರಾಜಿನಲ್ಲಿ ಜಾಗ ಇಲ್ಲ ಅಂತ ಮೊದ್ಲೇ ಮಾತಾಡ್ಕೊಂಡಿರ್ಬೇಕು.

ಪರ್ಸೀನ್‌ನವ್ರಿಗೆ, ಅದೇ ಥರ ಸುತ್ತು ಹಾಕೋ ರಾಣಿ ಬಲೆಯವ್ರಿಗೆ ಇನ್ನೊಂದು ಮಾತು. ಸುತ್ತು ಹಾಕಿದ ಮೇಲೆ ಬಲೆ ಪೂರ್ತಿ ಎಳೆಯೋಕೆ ಮುಂಚೆ ಒಂದು ಸಣ್ಣ ಕೈಬಲೆಲಿ ಸ್ವಲ್ಪ ಎತ್ತಿ ನೋಡಿ. ಮರಿ ಆಗಿದ್ರೆ ಆಗ್ಲೇ ಬಲೆಯ ಮೇಲಂಚು ತಗ್ಗಿಸಿ ಬಿಟ್ಬಿಡಿ. ಪೂರ್ತಿ ಬಿಗಿ ಮಾಡಿ, ಮೀನು ಒಂದ್ರ ಮೇಲೊಂದು ಬಿದ್ದು ಹುರುಪೆ ಉದುರಿದ ಮೇಲೆ ಬಿಟ್ರೆ ಅದು ತೇಲ್ತಾ ಸಾಯುತ್ತೆ, ಬಿಟ್ಟೆ ಅಂತ ನಿಮಗೆ ಸಮಾಧಾನ ಅಷ್ಟೇ. ಎಲ್‌ಇಡಿ ಲೈಟ್ ಹಾಕಿ ಹಿಡಿಯೋದ್ರ ಬಗ್ಗೆ ಹೆಚ್ಚು ಹೇಳೋಕೇನಿಲ್ಲ, 2017ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ, ಬೆಳಕಿಗೆ ದೊಡ್ಡದೂ ಬರುತ್ತೆ ಮರಿನೂ ಬರುತ್ತೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ಮೀನು ಹಿಡಿಯೋಕೆ ರಜೆ ಇದೆಯಲ್ಲ ಸಾಕಲ್ವಾ ಅಂತಾರೆ. ಬೂತಾಯಿ ಮೊಟ್ಟೆ ಇಡೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಇರುತ್ತೆ, ರಜೆ ಅದ್ರಲ್ಲಿ ಅರ್ಧ ಮಾತ್ರ ಕಾಯುತ್ತೆ. ಇಡೀ ಆಗಸ್ಟ್ ಬಂದ್ ಮಾಡಿ ಅಂದ್ರೆ ಯಾರೂ ಒಪ್ಪಲ್ಲ, ಸಾಲ ತೀರಿಸ್ಬೇಕು, ಕಲಾಸಿಗಳಿಗೆ (ಬೋಟಿನ ಕೆಲಸದವ್ರಿಗೆ) ಕೊಡ್ಬೇಕು. ಆದ್ರೆ ಮೊಟ್ಟೆ ತುಂಬಿದ ಬೂತಾಯಿ ಹಿಂಡು ಎಲ್ಲಿ ಕಾಣುತ್ತೋ ಆ ಪಟ್ಟಿನ ಆಗಸ್ಟ್‌ನಲ್ಲಿ ಬಿಟ್ಟು ಬೇರೆ ಕಡೆ ಹೋಗೋದು ಸಾಧ್ಯ ಇದೆ, ಅದಕ್ಕೇ ಮೇಲೆ ಹೊಟ್ಟೆ ಸೀಳಿ ನೋಡಿ ಅಂದಿದ್ದು.

ಇಲಾಖೆಯವ್ರು, ಸಂಶೋಧಕರು ಮಾಡ್ಬೇಕಾಗಿರೋ ದೊಡ್ಡ ಕೆಲ್ಸ ತಳದ ಗೆರೆ ಹಾಕೋದು, ಅಂದ್ರೆ ಕಡಲಲ್ಲಿ ಕಮ್ಮಿ ಅಂದ್ರೂ ಎಷ್ಟು ಮೀನು ಉಳೀಬೇಕು ಅಂತ ಹೇಳೋದು. ನಾರ್ವೆ ಮತ್ತು ರಷ್ಯಾ ಬ್ಯಾರೆಂಟ್ಸ್ ಕಡಲಿನ ಕೇಪೆಲಿನ್ ಅನ್ನೋ ಸಣ್ಣ ಮೀನಿಗೆ ಮಾಡಿರೋದು ನೋಡಿ, ಮೊಟ್ಟೆ ಇಡೋ ಮೀನು 2 ಲಕ್ಷ ಟನ್ ಉಳಿಯುತ್ತೆ ಅಂತ ನೂರಕ್ಕೆ 95 ಭರವಸೆ ಇದ್ರೆ ಮಾತ್ರ ಹಿಡಿಯೋಕೆ ಬಿಡ್ತಾರೆ, ಅದೂ ಕಾಡ್ ಅನ್ನೋ ದೊಡ್ಡ ಮೀನು ಎಷ್ಟು ತಿನ್ನುತ್ತೆ ಅನ್ನೋದನ್ನ ಮೊದ್ಲೇ ಕಳೆದು. ಈ ಬುದ್ಧಿ ಬಂದಿದ್ದು ಸುಮ್ನೆ ಅಲ್ಲ, 1980ರ ದಶಕದಲ್ಲಿ ಆ ಮೀನು ಕುಸಿದಾಗ ಕಾಡ್ ಸೊರಗಿ ಹೋದ್ವು, ಕಡಲ ಹಕ್ಕಿಗಳು ರಾಶಿ ರಾಶಿ ಸತ್ವು, ಹಸಿದ ಸೀಲ್‌ಗಳು ನಾರ್ವೆ ತೀರಕ್ಕೆ ನುಗ್ಗಿ ಮೀನುಗಾರರ ಬಲೆಗೇ ಸಿಕ್ಕಾಕೊಂಡ್ವು. ಅಮೆರಿಕದ ಪಶ್ಚಿಮ ಕರಾವಳಿಯಲ್ಲೂ ಬೂತಾಯಿಯ ದಾಯಾದಿ ಒಂದಿದೆ, ಅದು ಕಡಲಲ್ಲಿ ಒಂದೂವರೆ ಲಕ್ಷ ಟನ್‌ಗಿಂತ ಕೆಳಗೆ ಇಳಿದ್ರೆ ಅದನ್ನೇ ಗುರಿಯಿಟ್ಟು ಹಿಡಿಯೋದು ಬಂದ್, 2015ರಿಂದ ಬಂದ್ ಆಗೇ ಇದೆ. ಹಕ್ಕಿಗಳ ಲೆಕ್ಕ ಹಾಕಿದ ವಿಜ್ಞಾನಿಗಳು 2011ರಲ್ಲಿ ಇನ್ನೊಂದು ಸರಳ ಅಳತೆ ಕೊಟ್ರು, ಸಣ್ಣ ಮೀನು ಇದುವರೆಗೆ ಕಂಡ ಅತಿ ಹೆಚ್ಚು ಮಟ್ಟದ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋದ್ರೆ ಹಕ್ಕಿ ಮರಿಗಳು ಕಮ್ಮಿ ಆಗುತ್ವೆ. ನಮ್ಮ ಕಡಲಿಗೆ ಬೇರೆ ನಂಬರ್ ಬೇಕಾಗ್ಬೋದು, ಆದ್ರೆ ಒಂದು ನಂಬರ್ ಅಂತೂ ಬೇಕು.

ಮೀನನ್ನ ಪುಡಿ ಮಾಡಿ ಮೇವಿಗೆ ಮಾರೋ ಫಿಶ್‌ಮೀಲ್ ಫ್ಯಾಕ್ಟ್ರಿ ವಿಷ್ಯ ಬಿಟ್ರೆ ಈ ಗೈಡೇ ಅರ್ಧ. ತಿನ್ನೋ ಮಾರ್ಕೆಟ್‌ನಲ್ಲಿ ಬೆಲೆ ಇಲ್ದಿರೋ ಮರಿಗೆ ಫ್ಯಾಕ್ಟ್ರಿಲಿ ಬೆಲೆ ಇರೋವರೆಗೂ ಮರಿ ಬಿಡಿ ಅಂತ ಯಾರು ಎಷ್ಟು ಹೇಳಿದ್ರೂ ಗಾಳಿಗೆ ಹೇಳಿದ ಹಾಗೆ. ಬೋಟಿಗಿಂತ ಫ್ಯಾಕ್ಟ್ರಿ ಗೇಟಲ್ಲಿ ಅಳೆಯೋದು ಸುಲಭ, ಬೋಟು ಸಾವಿರಾರು, ಗೇಟು ಕೆಲವೇ. ಲಾರಿ ಒಳಗೆ ಹೋಗೋವಾಗ ಸ್ಯಾಂಪಲ್ ತೆಗೀಬೇಕು, ದಂಡದ ಗೆರೆಗಿಂತ ಸಣ್ಣ ಬೂತಾಯಿ, ಬಂಗುಡೆ ಜಾಸ್ತಿ ಇದ್ರೆ ಕೊಂಡವರಿಗೂ ದಂಡ ಬೀಳ್ಬೇಕು. ಗೋವಾ, ಕರ್ನಾಟಕ, ಕೇರಳ ಮೂರೂ ಕಡೆ ಒಂದೇ ಅಳತೆ ಇರ್ಬೇಕು, ಇಲ್ದಿದ್ರೆ ಮಂಗಳೂರಲ್ಲಿ ಬೇಡ ಅಂದ ಲಾರಿ ತಲಪಾಡಿ ಗಡಿ ದಾಟಿ ಹೋಗುತ್ತೆ, ಅಲ್ಲಿ ಬೇಡ ಅಂದಿದ್ದು ಇಲ್ಲಿಗೆ ಬರುತ್ತೆ.

ಶುರು ಮಾಡೋರು ಆಗಸ್ಟ್ ಮೊದಲ ವಾರದಿಂದ್ಲೇ ಅಳೆಯೋಕೆ ಶುರು ಮಾಡಿ, ವಾರಕ್ಕೆರಡು ಸಲ ಸಾಕು, ಮಧ್ಯೆ ಬಿಡ್ಬೇಡಿ. ಮೇ ತಿಂಗಳಿಗೆ ಆ ನೋಟ್‌ಬುಕ್‌ನ ಒಂದು ಝೆರಾಕ್ಸ್ ಮೀನುಗಾರಿಕೆ ಇಲಾಖೆಗೆ, ಇನ್ನೊಂದು ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಕೊಡಿ, ಮೂಲ ಪ್ರತಿ ಸಂಘದ ಆಫೀಸಲ್ಲೇ ಇರ್ಲಿ.