ವಿಶ್ವಾಸ, ನಿರೀಕ್ಷೆ, ಪ್ರೀತಿ: ಲೈನ್ ಮನೆಗಳ ನಡುವೆ ನನ್ನ ಅನುಭವ

ಜಪಸರವನ್ನು ಕೈಗೆತ್ತಿಕೊಂಡವರು ಶಿಲುಬೆಯನ್ನು ಹಿಡಿದು ವಿಶ್ವಾಸ ಪ್ರಮಾಣವನ್ನೂ ಮೊದಲ ಮಣಿಯ ಮೇಲೆ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಹೇಳಿ, ಮುಂದಿನ ಮೂರು ಮಣಿಗಳ ಮೇಲೆ ಮೂರು ಸಲ ನಮೋ ಮರಿಯ ಹೇಳುತ್ತಾರೆ. ವಿಶ್ವಾಸ, ನಿರೀಕ್ಷೆ, ಪ್ರೀತಿ ನಮ್ಮಲ್ಲಿ ಹೆಚ್ಚಲಿ ಎಂದು ಬೇಡಿಕೊಳ್ಳುವ ಮಣಿಗಳವು ಎಂದು ನಮ್ಮ ಅಜ್ಜಿ ಹೇಳಿಕೊಟ್ಟಿದ್ದರು. ಇವು ಮೂರೂ ದೇವರೇ ಕೊಡುವ ವರಗಳು ಎಂಬುದು ಧರ್ಮಸಭೆಯ ಬೋಧನೆ. ಕೊಟ್ಟದ್ದನ್ನು ಸೋಮವಾರದಿಂದ ಶನಿವಾರದವರೆಗೆ ಬಳಸುವುದು ಹೇಗೆಂದು ನನಗೆ ತಿಳಿಯತೊಡಗಿದ್ದು ಮಾತ್ರ ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ತೋಟದ ಕೂಲಿಕಾರರ ಸಾಲುಮನೆಗಳಿಗೆ, ಹೋಗಿಬರಲು ಶುರುಮಾಡಿದ ಮೇಲೆ.

ಈ ಮೂರರ ಬಗ್ಗೆ ಮಾತು ಬಂದಾಗ ಎಲ್ಲರೂ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯವನ್ನು ನೆನೆಯುತ್ತಾರೆ. ಮದುವೆಯ ಪೂಜೆಗಳಲ್ಲಿ ಅದನ್ನು ಕೇಳಿ ಕೇಳಿ ನಮ್ಮ ಕಿವಿ ಸ್ವಲ್ಪ ಮರಗಟ್ಟಿದೆ ಎಂದೇ ನನ್ನ ಅನಿಸಿಕೆ. ನನಗೆ ಹೆಚ್ಚು ನೆರವಾದದ್ದು ಅದಕ್ಕೂ ಮೊದಲು, ಕ್ರಿ.ಶ. 50ರ ಆಸುಪಾಸಿನಲ್ಲಿ, ಅವರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಆರಂಭ. ಅಲ್ಲಿ ಪೌಲರು ಆ ಜನರ ವಿಶ್ವಾಸದ ಜೊತೆಗೆ ಕೆಲಸವನ್ನೂ, ಪ್ರೀತಿಯ ಜೊತೆಗೆ ದುಡಿಮೆಯನ್ನೂ, ನಿರೀಕ್ಷೆಯ ಜೊತೆಗೆ ತಾಳ್ಮೆಯನ್ನೂ ಸೇರಿಸಿ ನೆನೆಯುತ್ತಾರೆ. ಮೂರಕ್ಕೂ ಮೈಮುರಿಯುವ ಬಾಳುವೆ ಅಂಟಿಕೊಂಡಿದೆ ಎಂಬುದನ್ನು ಗಮನಿಸಿದ ಮೇಲೆ, ಭಕ್ತಿಭಾವ ಉಕ್ಕಿಬರಲಿ ಎಂದು ಕಾಯುವುದನ್ನು ಬಿಟ್ಟು, ವಾರಕ್ಕೊಂದು ರೂಢಿಯನ್ನು ಹಿಡಿಯಬೇಕೆನಿಸಿತು.

ಆ ರೂಢಿ ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಲ್ಲಿ ಸಿದ್ಧವಾಗಿಯೇ ಇತ್ತು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಜನಾಂ ಎಂಬ ಇಪ್ಪತ್ತರ ವಿದ್ಯಾರ್ಥಿಯೂ ಅವನ ಗೆಳೆಯರೂ ಆರಂಭಿಸಿದ ಸಭೆ ಇದು. ಯಾವ ಮನೆಗೆ ಹೋಗಬೇಕು, ಹೇಗೆ ಹೋಗಬೇಕು ಎಂದು ಅವರಿಗೆ ದಾರಿ ತೋರಿದವರು ಅಲ್ಲಿನ ಬಡವರ ನಡುವೆ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂದು. ಬಡವರನ್ನು ನಾವಿರುವಲ್ಲಿಗೆ ಕರೆಸದೆ ಅವರ ಮನೆಗೆ ನಾವೇ ಹೋಗುವುದು, ಒಬ್ಬೊಬ್ಬರೇ ಹೋಗದೆ ಇಬ್ಬರಾಗಿ ಹೋಗುವುದು, ಜಾತಿಮತ ಕೇಳದಿರುವುದು, ಕಂಡದ್ದನ್ನು ಹೊರಗೆ ಆಡದಿರುವುದು ಇಂದಿಗೂ ಸಭೆಯ ಪದ್ಧತಿ. ಪ್ರತಿ ಕೂಟದ ಕೊನೆಗೆ ಗುಟ್ಟಿನ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ; ಯಾರು ಎಷ್ಟು ಹಾಕಿದರು, ಯಾರು ಬರಿಗೈ ಇಟ್ಟು ತೆಗೆದರು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನನ್ನ ಜೊತೆ ಬರುವವರು ನಿವೃತ್ತ ನರ್ಸ್ ಒಬ್ಬರು. ನಾವು ಹೋಗುವ ಒಂದು ಮನೆಯಲ್ಲಿ ಪಾರ್ಶ್ವವಾಯುವಿನಿಂದ ಎಡಭಾಗ ಬಿದ್ದುಹೋಗಿರುವ ವೃದ್ಧೆಯೊಬ್ಬರು ಮಲಗಿರುತ್ತಾರೆ. ಮಗಳು ಕಾಫಿ ಕೊಯ್ಲಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮೊದಮೊದಲು ಅಕ್ಕಿ, ಎಣ್ಣೆ, ಸೋಪು ಒಯ್ಯುತ್ತಿದ್ದೆವು. ಆದರೆ ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಉಗುರು ಕತ್ತರಿಸುವವರು. ಎಡಗೈ ಮುಷ್ಟಿ ಬಿಗಿದು ಹೋಗಿ, ಬೆಳೆದ ಉಗುರುಗಳು ಅಂಗೈಗೆ ಒತ್ತಿ ಗಾಯವಾಗಿತ್ತು. ಬೆರಳುಗಳನ್ನು ಎಳೆದು ಬಿಡಿಸಬಾರದು, ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಬೆರಳು ತಾವಾಗಿಯೇ ಸಡಿಲವಾಗುತ್ತವೆ ಎಂದು ನರ್ಸಮ್ಮ ತೋರಿಸಿಕೊಟ್ಟರು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಸುತ್ತಿಟ್ಟು, ಒಂದೊಂದೇ ಬೆರಳನ್ನು ಹಿಡಿದು ಕತ್ತರಿಸುವಾಗ, ‘ಕಿರುಬೆರಳು ಮೆತ್ತಗೆ ಹಿಡೀರಪ್ಪ’ ಎಂದರು ಅಜ್ಜಿ. ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥನ ಕ್ಯಾಲೆಂಡರು ತೂಗುತ್ತಿತ್ತು. ಅವರು ತಮ್ಮ ದೇವರನ್ನು ನೆನೆದರು, ನಾನು ನನ್ನ ಪ್ರಭುವನ್ನು ನೆನೆದೆ. ಅರವತ್ತೈದು ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಗಾಗಿ ಅವರ ಕಾಗದಪತ್ರಗಳನ್ನು ಹಿಡಿದು ಅಲೆದದ್ದು ಬೇರೆಯೇ ಕತೆ: ಕೂಲಿ ಮಾಡಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಪ್ರೀತಿಯ ದುಡಿಮೆ ಎಂದರೆ ಬಹುಪಾಲು ಇಂಥ ಸರದಿ ನಿಲ್ಲುವ ಕೆಲಸವೇ. ಹೊರಡುವಾಗ ಆ ಮನೆಯವರು ಕೊಡುವ ಕಪ್ಪು ಕಾಫಿಯನ್ನು ಬೇಡವೆನ್ನದೆ ಕುಡಿಯಬೇಕೆಂಬುದನ್ನೂ ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಬರೀ ಕೊಡುವವರಾಗಿಯೇ ಇರುವುದರಲ್ಲಿ ಒಂದು ಬಗೆಯ ದೊಡ್ಡಸ್ತಿಕೆ ಸೇರಿಕೊಳ್ಳುತ್ತದೆ.

ವಿಶ್ವಾಸದ ಬಗ್ಗೆ ಹೇಳುವುದು ಕಡಿಮೆ. ತಮ್ಮ ತೀರಿಕೊಂಡ ವರ್ಷ ನನಗೆ ಒಬ್ಬನೇ ಕುಳಿತು ಪ್ರಾರ್ಥಿಸಲು ಆಗುತ್ತಿರಲಿಲ್ಲ. ಆದರೂ ಭಾನುವಾರದ ಪೂಜೆಯನ್ನು ಬಿಡಲಿಲ್ಲ. ವಿಶ್ವಾಸ ಪ್ರಮಾಣದಲ್ಲಿ ನನ್ನ ಬಾಯಿಂದ ಬಾರದ ಸಾಲುಗಳನ್ನು ಅಕ್ಕಪಕ್ಕದ ಬೆಂಚಿನವರು ಹೇಳುತ್ತಿದ್ದರು, ನಾನು ನಿಂತಿರುತ್ತಿದ್ದೆ. ಆ ವರ್ಷಕ್ಕೆ ಅಷ್ಟೇ ನನ್ನ ವಿಶ್ವಾಸದ ಕೆಲಸವಾಗಿತ್ತು.

ಮೂರರಲ್ಲಿ ಕಷ್ಟವಾದದ್ದು ನಿರೀಕ್ಷೆ. 2025ರ ಜ್ಯೂಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸ್ ಅದನ್ನೇ ವಿಷಯವಾಗಿ ಆರಿಸಿ, ನಿರೀಕ್ಷೆ ನಮ್ಮನ್ನು ನಿರಾಶೆಗೊಳಿಸದು ಎಂಬ ರೋಮನರ ಪತ್ರದ ಮಾತನ್ನು ಮುಂದಿಟ್ಟರು. ಅದೇ ಅಧ್ಯಾಯದಲ್ಲಿ ಪೌಲರು ಕಷ್ಟದಿಂದ ತಾಳ್ಮೆಯೂ ತಾಳ್ಮೆಯಿಂದ ಪಕ್ವತೆಯೂ ಪಕ್ವತೆಯಿಂದ ನಿರೀಕ್ಷೆಯೂ ಹುಟ್ಟುತ್ತದೆನ್ನುತ್ತಾರೆ. ಅಂದರೆ ನಿರೀಕ್ಷೆ ಬರುವುದು ಸಾಲಿನ ಕೊನೆಗೆ. ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಟ್ಟು, ಅದೇ ಜಾಗದಲ್ಲಿ ಸಸಿ ನೆಟ್ಟು, ಮೂರು ನಾಲ್ಕು ವರ್ಷ ಫಸಲಿಲ್ಲದೆ ಕಾಯುವ ನಮ್ಮ ಕಡೆಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿಗೆ ಹಿಡಿದವರ ಬಳಿ ‘ಎಲ್ಲ ಸರಿಹೋಗುತ್ತದೆ’ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅದು ನನ್ನ ಕೈಯಲ್ಲಿಲ್ಲ. ‘ಬರುವ ಶನಿವಾರ ಬರುತ್ತೇನೆ’ ಎಂದು ಹೇಳುತ್ತೇನೆ. ಹೇಳಿದ ಮೇಲೆ ಮಳೆ ಬಂದರೂ ಹೋಗುತ್ತೇನೆ. ನಮ್ಮ ನಿರೀಕ್ಷೆಯ ಬುಡ ಪುನರುತ್ಥಾನದಲ್ಲಿದೆ, ವೈದ್ಯರ ವರದಿಯಲ್ಲಿಲ್ಲ. ಹಾಗಾಗಿ ನಾವು ಭೇಟಿ ಮಾಡುತ್ತಿದ್ದವರು ತೀರಿಕೊಂಡ ಮೇಲೂ ಕೆಲಸ ಮುಗಿಯುವುದಿಲ್ಲ: ಮಳೆಗಾಲದಲ್ಲಿ ಸಮಾಧಿಗಳ ಮೇಲೆ ಸೊಂಟದೆತ್ತರ ಬೆಳೆದ ಹುಲ್ಲನ್ನು ನವೆಂಬರ್ 2ರ ಮೃತರ ಸ್ಮರಣೆಗೆ ಮುನ್ನ ಸವರಿ, ಯಾರೂ ಬಾರದ ಸಮಾಧಿಗಳಿಗೂ ಮೇಣದಬತ್ತಿ ಹಚ್ಚುತ್ತೇವೆ.

ಈ ದಾರಿ ಹಿಡಿಯಬೇಕೆನ್ನುವವರಿಗೆ ನನ್ನ ಸಲಹೆ, ಹೆಚ್ಚು ಮನೆಗಳನ್ನು ಒಪ್ಪಿಕೊಳ್ಳಬೇಡಿ, ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ, ಜೊತೆಗಾರರನ್ನು ಬಿಟ್ಟು ಹೋಗಬೇಡಿ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲೂ ಜನ ಸಿಗುವುದಿಲ್ಲ. ಅದಕ್ಕಾಗಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಕೂಟವನ್ನು ಭಾನುವಾರ ಪೂಜೆ ಮುಗಿದ ಕೂಡಲೇ ಇಟ್ಟುಕೊಂಡು, ಭೇಟಿಗಳನ್ನು ಕತ್ತಲಾದ ಮೇಲೆ, ಮಗಳಂದಿರು ಕೆಲಸದಿಂದ ಮರಳುವ ಹೊತ್ತಿಗೆ ಬದಲಾಯಿಸಿಕೊಂಡಿದ್ದೇವೆ.