ಕೆನ್ನೆಯೊಳಗೆ ಕರೆಂಟ್ ಹೊಡೆದಂಥ ನೋವು: ನಾನು ನಿಭಾಯಿಸುವ ಬಗೆ

ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಸ್ಪರ್ಶವನ್ನು ಮೆದುಳಿಗೆ ತಿಳಿಸುವ ಟ್ರೈಜೆಮಿನಲ್ ನರದ ನೋವು, ಇರುವವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಹತ್ತಿರ. ಹುಳುಕು ಹಲ್ಲಿನ ನೋವು ಗಂಟೆಗಟ್ಟಲೆ ಮಿಡಿಯುತ್ತದೆ, ನಿದ್ದೆ ಕೆಡಿಸುತ್ತದೆ. ಈ ನರದ ಚಳುಕು ಹಾಗಲ್ಲ. ಸಾಮಾನ್ಯವಾಗಿ ಮುಖದ ಒಂದೇ ಬದಿಗೆ ಹೊಡೆದು, ಕೆಲವು ಸೆಕೆಂಡಿನಿಂದ ಎರಡು ನಿಮಿಷದೊಳಗೆ ನಿಲ್ಲುತ್ತದೆ. ಹಲ್ಲುಜ್ಜಿದರೆ, ಮುಖ ತೊಳೆದರೆ, ಗಾಳಿ ಸೋಕಿದರೆ ಮತ್ತೆ ಹೊಡೆಯುತ್ತದೆ. ಎಕ್ಸ್‌ರೇಯಲ್ಲಿ ಹಲ್ಲು ಚೆನ್ನಾಗಿದ್ದರೆ ದಯವಿಟ್ಟು ಕೀಳಿಸಬೇಡಿ.

ನರರೋಗ ತಜ್ಞರನ್ನು ನೋಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ನೋವು ಎಲ್ಲಿ ಶುರುವಾಯಿತು, ಯಾವ ಕಡೆಗೆ ಹರಿಯಿತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ. ಸ್ಕ್ಯಾನಿಗಿಂತ ಮೊದಲು ರೋಗ ಹಿಡಿಯುವುದು ಈ ಹಾಳೆಯೇ. ಮುಖ ಜೋಮು ಹಿಡಿದಿದ್ದರೆ, ಕಿವಿ ಮಂದವಾಗಿದ್ದರೆ, ಎರಡೂ ಬದಿ ನೋವಿದ್ದರೆ ತಪ್ಪದೆ ಹೇಳಿ; ಗಡ್ಡೆಯೋ ಬೇರೆ ನರರೋಗವೋ ಇರಬಹುದು. ಎಂಆರ್‌ಐ ಚೀಟಿಯಲ್ಲಿ ಈ ನರವನ್ನೇ ತೆಳುಪದರಗಳಲ್ಲಿ ನೋಡಬೇಕೆಂದು ಬರೆಸಿ. ನರದ ಬುಡವನ್ನು ಒತ್ತುವ ರಕ್ತನಾಳ ಮಾಮೂಲಿ ಮೆದುಳು ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು.

ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಇದಕ್ಕೆ ನಾಟುವುದಿಲ್ಲ. ಮೊದಲ ಮದ್ದು ಕಾರ್ಬಮಜೆಪೈನ್. ಸಾಮಾನ್ಯವಾಗಿ 100 ಮಿ.ಗ್ರಾಂ. ದಿನಕ್ಕೆರಡು ಸಲ ಶುರುಮಾಡಿ, ಡಾಕ್ಟರು ನಿಧಾನವಾಗಿ ಏರಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ 400ರಿಂದ 800 ಸಾಕಾಗುತ್ತದೆ. ಅವಸರದಲ್ಲಿ ಏರಿಸಿದರೆ ತಲೆಸುತ್ತು, ತೂರಾಟ, ಎರಡೆರಡು ಕಾಣುವುದು. ಸಿಆರ್ (ನಿಧಾನವಾಗಿ ಮದ್ದು ಬಿಡುವ) ಮಾತ್ರೆಯನ್ನು ಪುಡಿಮಾಡಬಾರದು, ಅಗಿಯಬಾರದು. ಚೆನ್ನಾಗಿ ಹತೋಟಿಗೆ ಬಂದ ನೋವು ಮೂರರಿಂದ ಐದನೇ ವಾರದ ಹೊತ್ತಿಗೆ ಮರಳಿದರೆ ಮದ್ದು ಸೋತಿತೆಂದುಕೊಳ್ಳಬೇಡಿ. ಅಷ್ಟರಲ್ಲಿ ಯಕೃತ್ತು ಈ ಮದ್ದನ್ನು ಮೊದಲಿಗಿಂತ ಬೇಗ ಒಡೆಯಲು ಕಲಿತಿರುತ್ತದೆ, ಡೋಸ್ ಸರಿಪಡಿಸಬೇಕಾಗುತ್ತದೆ. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ, ಅದು ನನಗೆ ಬಹಳ ಬೇಸರದ ಸಂಗತಿ.

ಶುರುವಿಗೆ ಮುಂಚೆ ರಕ್ತಕಣ, ಯಕೃತ್ತು, ಸೋಡಿಯಂ ಪರೀಕ್ಷೆ ಮಾಡಿಸಿ. ಈ ಮದ್ದಿಗೆ ಚರ್ಮ ತೀವ್ರವಾಗಿ ಕೆರಳುವ ಅಪಾಯವಿದೆಯೇ ಎಂದು ತಿಳಿಸುವ ಎಚ್‌ಎಲ್‌ಎ-ಬಿ 1502 ಜೀನ್ ಪರೀಕ್ಷೆ ಬೇಕೇ ಎಂದೂ ಕೇಳಿ. ಈ ಮದ್ದಿನಿಂದ ಸೋಡಿಯಂ 135ಕ್ಕಿಂತ ಕೆಳಗಿಳಿದರೆ ಸುಸ್ತು, ಗಲಿಬಿಲಿ ಶುರುವಾಗಬಹುದು. ಇದರ ಬದಲಿಗೆ ಕೊಡುವ ಆಕ್ಸ್‌ಕಾರ್ಬಜೆಪೈನ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಬೇರೆ ಕಾಯಿಲೆಗೆ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಬರೆದರೆ ಕಾರ್ಬಮಜೆಪೈನ್ ವಿಷಯ ಹೇಳಿ. ಅವು ರಕ್ತದಲ್ಲಿ ಇದರ ಮಟ್ಟ ಏರಿಸುತ್ತವೆ. ನೋವು ನಿಂತಿತೆಂದು ಮಾತ್ರೆಯನ್ನು ತಟ್ಟನೆ ಬಿಡಬೇಡಿ.

ನೋವು ಜಾಸ್ತಿಯಿರುವ ದಿನ ಮಂಡ್ಯದ ಕಡೆಯ ಊಟವೇ ನನ್ನ ಕೈಹಿಡಿಯುತ್ತದೆ: ಉಗುರುಬೆಚ್ಚಗಿನ ಮುದ್ದೆ, ನುಣ್ಣಗೆ ಮಸೆದ ಸೊಪ್ಪಿನ ಸಾರು. ಅಗಿಯದೆ ನುಂಗಬಹುದು. ಆಷಾಢದ ಗಾಳಿಗೆ ಬೈಕ್ ಬಿಟ್ಟು ಬಸ್ ಹತ್ತುತ್ತೇನೆ, ನೋವಿನ ಕೆನ್ನೆ ಒಳಬದಿಗೆ ಬರುವಂತೆ ಕೂರುತ್ತೇನೆ. ಮುಖಕ್ಕೆ ಉಗುರುಬೆಚ್ಚನೆ ನೀರು, ಒರೆಸಲು ಹತ್ತಿ ಬಟ್ಟೆ, ಉಜ್ಜದೆ ಒತ್ತಿ ತೆಗೆಯುವುದು.

ಮಾತ್ರೆ ಸಾಲದಿದ್ದರೆ, ಅದರ ಅಡ್ಡಪರಿಣಾಮ ತಡೆಯಲಾಗದಿದ್ದರೆ ನರಶಸ್ತ್ರಚಿಕಿತ್ಸಕರನ್ನು ಕಾಣಲು ವರ್ಷಗಟ್ಟಲೆ ಕಾಯಬೇಡಿ. ರಕ್ತನಾಳ ಒತ್ತುತ್ತಿದ್ದರೆ ಕಿವಿಯ ಹಿಂದೆ ತೆರೆದು ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ಇಡುವ ಎಂವಿಡಿ ಶಸ್ತ್ರಚಿಕಿತ್ಸೆಯೇ ಹೆಚ್ಚು ಕಾಲ ಬಾಳುವುದು. ಆ ಬದಿಯ ಕಿವಿ ಕೇಳಿಸದಾಗುವ ಅಪಾಯ ಸ್ವಲ್ಪ ಉಂಟು. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಮಾಡುವ ರೇಡಿಯೋಫ್ರೀಕ್ವೆನ್ಸಿ ವಯಸ್ಸಾದವರಿಗೂ ಆಗುತ್ತದೆ, ಆದರೆ ಮುಖ ಜೋಮು ಹಿಡಿಯುತ್ತದೆ, ನೋವು ಮರಳಲೂಬಹುದು. ಕೊಯ್ಯದೆ ನರಕ್ಕೆ ವಿಕಿರಣ ಹಾಯಿಸುವ ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ ಅಲ್ಲಿಯವರೆಗೆ ಮಾತ್ರೆ ಮುಂದುವರಿಸಬೇಕು.