ಎಂಜಿಬಿ, ಡಾಟ್ಸನ್ 240 ಝಡ್: ಕೊಳ್ಳುವ ಮುನ್ನ ತೂಗಿ ನೋಡುವ ಬಗೆ

ಹನ್ನೊಂದು ವರ್ಷಗಳಿಂದ ನನ್ನ ಬಳಿ ಎಂಜಿಬಿ ರೋಡ್‌ಸ್ಟರ್ ಇದೆ, ಅಂದರೆ ಚಾವಣಿ ತೆರೆಯುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅಣ್ಣನ ಬಳಿ ಇರುವುದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು, ಡಾಟ್ಸನ್ 240 ಝಡ್. ಎರಡರ ಅಡಿಯಲ್ಲೂ ಮಲಗಿ ಕೆಲಸ ಮಾಡಿದ್ದೇನೆ. ಯಾವುದನ್ನು ಕೊಳ್ಳಲಿ ಎಂದು ಕೇಳುವವರೆಲ್ಲ ಮೊದಲು ಅಶ್ವಶಕ್ತಿಯ ಮಾತು ಎತ್ತುತ್ತಾರೆ. ಆ ಲೆಕ್ಕ ಆಮೇಲಿರಲಿ. ನೋಡಲು ಹೋಗುವಾಗ ಒಂದು ಜಾಕ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಜೊತೆಗಿರಲಿ.

ತೆರೆದ ಎಂಜಿಬಿಗೆ ಲೋಹದ ಚಾವಣಿಯ ಆಸರೆ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಅದರ ಬೆನ್ನೆಲುಬು. ಬಾಗಿಲಿನ ಸಂದನ್ನು ಅಳೆದುಕೊಂಡು, ಕಾರಿನ ಒಂದು ಬದಿಯನ್ನು ಜಾಕ್‌ನಿಂದ ಎತ್ತಿ ಮತ್ತೆ ಅಳೆಯಿರಿ. ಸಂದು ಕಿರಿದಾದರೆ ಅಥವಾ ಬಾಗಿಲು ಕಚ್ಚಿಕೊಂಡರೆ ಸಿಲ್ ಒಳಗೇ ತುಕ್ಕು ಹಿಡಿದು ಸೋತಿದೆ. ಅಯಸ್ಕಾಂತ ಹಿಡಿಯದ ಕಡೆ ಇರುವುದು ಪುಟ್ಟಿ. ಹೊಸ ಬಣ್ಣಕ್ಕೆ ಮನಸೋತು ಈ ಪರೀಕ್ಷೆಯನ್ನು ಬಿಟ್ಟದ್ದರಿಂದ ನನ್ನ ಮೊದಲ ಎರಡು ವರ್ಷ ಟಿಂಕರಿಂಗ್‌ನಲ್ಲೇ ಕಳೆದವು.

ಝಡ್‌ನಲ್ಲಿ ಬ್ಯಾಟರಿ ತಟ್ಟೆಯ ಕೆಳಗೆ, ನೆಲದಡಿಯ ಚೌಕಟ್ಟಿನ ಉದ್ದಕ್ಕೂ, ಹಿಂಬಾಗಿಲ ಅಂಚಿನಲ್ಲಿ ಹುಡುಕಿ. ತುಕ್ಕು ಎರಡಕ್ಕೂ ಶತ್ರು. ಆದರೆ ಎಂಜಿಬಿಗೆ 1988ರಿಂದ ಇಡೀ ಬಾಡಿ ಶೆಲ್ಲೇ (ಕಾರಿನ ಲೋಹದ ಮೈಯೇ) ಹೊಸದಾಗಿ ತಯಾರಾಗಿದೆ, ಸಣ್ಣಪುಟ್ಟ ಭಾಗಗಳಿಗೂ ಬರವಿಲ್ಲ. ಝಡ್‌ನ ಎಂಜಿನ್ ಭಾಗಗಳು ದೊರೆಯುತ್ತವೆ, ಮೂಲ ಟ್ರಿಮ್, ಅಂದರೆ ಒಳಹೊರಗಿನ ಅಲಂಕಾರದ ಭಾಗಗಳು, ದೊರೆಯುವುದು ಕಷ್ಟ. ಏನೇನು ಕಾಣೆಯಾಗಿದೆ ಎಂದು ಬರೆದುಕೊಂಡೇ ಬೆಲೆ ಮಾತಾಡಿ.

ಈಗ ಅಂಕಿಗಳು. ಎಂಜಿಬಿಯ 1798 ಸಿಸಿ ನಾಲ್ಕು ಸಿಲಿಂಡರಿಗೆ 95 ಅಶ್ವಶಕ್ತಿ. ಝಡ್‌ನ 2393 ಸಿಸಿ ಆರು ಸಿಲಿಂಡರಿಗೆ 151. ಈ 151 ಗ್ರಾಸ್ ಅಳತೆ, ಅಂದರೆ ಎಂಜಿನ್ನಿಗೆ ಹೊರೆಯಾಗುವ ಉಪಕರಣಗಳನ್ನು ಕಳಚಿ ಅಳೆದದ್ದು. ಹಾಗಾಗಿ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ, ಗಡಿಯಾರವನ್ನು ನಂಬಿ. ಗಂಟೆಗೆ 96 ಕಿ.ಮೀ. ವೇಗ ಮುಟ್ಟಲು ಎಂಜಿಬಿಗೆ ಸುಮಾರು 12 ಸೆಕೆಂಡು ಬೇಕು, ಝಡ್‌ಗೆ ಸುಮಾರು 8.

ಎರಡನ್ನೂ ಒಂದೇ ದಿನ, ಒಂದೇ ಹಾಳು ರಸ್ತೆಯಲ್ಲಿ ಓಡಿಸಿ. ಎಂಜಿಬಿಯ ಹಿಂದಿನ ಲೀಫ್ ಸ್ಪ್ರಿಂಗ್ ಪ್ರತಿ ಹಳ್ಳವನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಝಡ್‌ನ ನಾಲ್ಕು ಚಕ್ರಗಳ ಸಸ್ಪೆನ್ಷನ್ ಸ್ವತಂತ್ರ, ತಿರುವಿನ ನಡುವೆ ಗುಂಡಿ ಬಂದರೂ ಹಿಂಭಾಗ ಅಷ್ಟು ಸುಲಭವಾಗಿ ಜಿಗಿಯುವುದಿಲ್ಲ. ದೂರ ಪ್ರಯಾಣದ ಆಸೆ ಇದ್ದರೆ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ಇರುವ ಎಂಜಿಬಿಯನ್ನೇ ಹುಡುಕಿ. ಅದಿಲ್ಲದೆ ಹೆದ್ದಾರಿಯಲ್ಲಿ ಎಂಜಿನ್ನಿನ ಅರಚಾಟ ನಿಲ್ಲುವುದಿಲ್ಲ.

ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಹೊಂದಿಸಲು ಕಲಿತರೆ ಆ ವಿದ್ಯೆ ಎರಡಕ್ಕೂ ಸಲ್ಲುತ್ತದೆ: ಬಹುಪಾಲು ಎಂಜಿಬಿಗಳಲ್ಲಿ ಇರುವುದು ಎಸ್‌ಯು ಕಂಪನಿಯ ಕಾರ್ಬುರೇಟರ್ ಜೋಡಿ, ಝಡ್‌ನ ಹಿಟಾಚಿ ಜೋಡಿಯೂ ಅದೇ ಮಾದರಿಯದು. 1967ಕ್ಕಿಂತ ಹಿಂದಿನ ಎಂಜಿಬಿಯಾದರೆ ಈಗಿನ ಕಾರುಗಳಂತೆ ಬ್ಯಾಟರಿಯ ಋಣ ತುದಿಯಲ್ಲ, ಧನ ತುದಿಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ರೇಡಿಯೊ ಜೋಡಿಸುವ ಮೊದಲು ಅದನ್ನು ನೋಡಿಕೊಳ್ಳಿ.

ಮೊದಲ ಬಾರಿ ಹಳೆಯ ಕಾರು ಕೊಳ್ಳುವವರಿಗೆ ನಾನು ಎಂಜಿಬಿಯನ್ನೇ ಹೇಳುತ್ತೇನೆ. ಸಿಲ್ ಗಟ್ಟಿಯಿರುವ ಎಂಜಿಬಿ ಸಿಗದೆ, ನೆಲ ಗಟ್ಟಿಯಿರುವ, ಟ್ರಿಮ್ ಪೂರ್ತಿಯಿರುವ ಝಡ್ ಎದುರಾದರೆ ಮಾತ್ರ ಈ ಸಲಹೆಯನ್ನು ಬದಲಿಸುತ್ತೇನೆ.